ಲಗಾಮು ಬೇರೆ, ಕಡಿವಾಣ ಬೇರೆ ಎಂದವರು

ಮೇಷ್ಟ್ರು ತೀರಿಕೊಂಡ ಮೇಲೆ ಶಿವಮೊಗ್ಗದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡಿದವರೆಲ್ಲರೂ ಅವರನ್ನು ನಡೆದಾಡುವ ನಿಘಂಟು ಎಂದು ಕರೆದರು. ಮೊದಲು ಒಬ್ಬರು ಕರೆದರು. ಮುಂದಿನವರಿಗೆ ಬೇರೆ ಮಾತು ಹೊಳೆಯಲಿಲ್ಲ. ಆ ನಿಘಂಟನ್ನು ಒಮ್ಮೆಯಾದರೂ ತೆರೆದು ನೋಡಿದವರು ವೇದಿಕೆಯ ಮೇಲೆ ಇರಲಿಲ್ಲ. ಸಭೆ ಮುಗಿದು ಕಾಫಿಯ ಸಾಲಿನಲ್ಲಿ ನಿಂತಿದ್ದಾಗ ಸ್ಮರಣ ಸಂಚಿಕೆಯ ಸಂಪಾದಕರು ನನ್ನ ಹತ್ತಿರ ಬಂದು, "ನೀವು ಅವರ ಮೆಚ್ಚಿನ ಶಿಷ್ಯರು, ಒಂದು ನಾಲ್ಕು ಪುಟ ಬರ್ಕೊಡಿ" ಎಂದರು. ನಾನು ಬರೆದುಕೊಡಲಿಲ್ಲ. ಅವರಿಗೆ ಮೆಚ್ಚಿನ ಶಿಷ್ಯರು ಯಾರೂ ಇರಲಿಲ್ಲ, ಮೆಚ್ಚಿನ ಪದಗಳು ಇದ್ದವು. ಸತ್ತವರ ಬಗ್ಗೆ ಒಳ್ಳೆಯದನ್ನು ಮಾತ್ರ ಆಡಬೇಕೆಂಬ ನಮ್ಮ ರೂಢಿಯಿಂದ ಬದುಕಿರುವವರಿಗೆ ಆಗಿರುವ ನಷ್ಟವನ್ನು ಯಾರಾದರೂ ಒಮ್ಮೆ ಚರ್ಚೆಗೆ ಎತ್ತಿಕೊಳ್ಳಬೇಕು. ಸಂಚಿಕೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಆದ್ದರಿಂದ ಇಲ್ಲಿ ಎತ್ತಿಕೊಂಡಿದ್ದೇನೆ.

ವಾದಕ್ಕೆ ಇಳಿಯುವ ಮೊದಲು ನನ್ನ ಪಕ್ಷ ಯಾವುದೆಂದು ತಿಳಿಸಿಬಿಡುವುದು ನ್ಯಾಯ. ನನ್ನ ತಂಗಿ ಮಂಗಳಾ ಮೇಷ್ಟ್ರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಕುದುರೆಗೆ ತೊಡಿಸುವ ಸಜ್ಜಿಗೂ ಅದರ ಪಟ್ಟಿ, ಬಾರುಗಳಿಗೂ ಕನ್ನಡದಲ್ಲಿ ಇರುವ ಪದಗಳನ್ನು ಒಂದರ ಪಕ್ಕ ಒಂದನ್ನು ಇಟ್ಟು ಅವುಗಳ ಅರ್ಥ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂದು ತೋರಿಸುವುದು ಅವಳ ವಿಷಯ. ವಿಷಯವನ್ನು ಆರಿಸಿದ್ದು ಅವರು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಬೆಳೆದ ನಮ್ಮಿಬ್ಬರಲ್ಲಿ ಓದಿನ ಹಸಿವು ಹೆಚ್ಚಾಗಿದ್ದದ್ದು ಅವಳಿಗೆ. ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕಿಯಾದಳು. ವರ್ಷ ಮುಗಿದೊಡನೆ ಬಾಗಿಲ ಹೊರಗೆ ನಿಲ್ಲಿಸಿ, ಬೇಕೆನಿಸಿದಾಗ ಮತ್ತೆ ಒಳಗೆ ಕರೆಯುವವರನ್ನು ಅತಿಥಿ ಎನ್ನುವ ಧೈರ್ಯ ಸರ್ಕಾರಕ್ಕಲ್ಲದೆ ಬೇರೆ ಯಾರಿಗೆ ಬಂದೀತು? ಕಾಯಂ ಹುದ್ದೆಗೆ ಅರ್ಜಿ ಕರೆಯುವುದೇ ಅಪರೂಪ. ಕರೆದಾಗ ಕೈಯಲ್ಲಿ ಪದವಿ ಇರಬೇಕು, ವಯಸ್ಸು ಮಿತಿಯೊಳಗೆ ಇರಬೇಕು. ಮಂಗಳಾಳ ವಯಸ್ಸು ಆ ಮಿತಿಯ ಅಂಚಿಗೆ ಬಂದು ನಿಂತಿತ್ತು. ಪ್ರಬಂಧ ಬರೆದು ಮುಗಿದಿತ್ತು. ಉಳಿದದ್ದು ಅವರ ಸಹಿ ಒಂದೇ. ಅದನ್ನು ಅವರು ಹಾಕುತ್ತಿರಲಿಲ್ಲ.

ನಾನು ಅವರನ್ನು ಅದಕ್ಕೂ ಎಷ್ಟೋ ಮೊದಲಿನಿಂದ ಬಲ್ಲೆ. ಬಿ.ಎ. ಓದುವಾಗ ಅವರು ನಮಗೆ ಕನ್ನಡದ ಮೇಷ್ಟ್ರು. ಒಂದು ವರ್ಷ ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ಮಾಧ್ಯಮಗಳಿಗೆ ಕಡಿವಾಣ ಬೇಕೆಂಬ ವಿಷಯದ ಮೇಲೆ ವಿರೋಧವಾಗಿ ಮಾತನಾಡಿ ಫಲಕ ಗೆದ್ದೆ. ಅದನ್ನು ಎದೆಗೆ ಅವಚಿಕೊಂಡು ವಿಭಾಗದ ಕೊಠಡಿಗೆ ಹೋದಾಗ ಅವರು ತಲೆಯೆತ್ತದೆ ಕೇಳಿದರು:

"ಭಾಷಣದಲ್ಲಿ ಒಂದು ಕಡೆ ಕಡಿವಾಣ ಅಂದೆ, ಇನ್ನೊಂದು ಕಡೆ ಲಗಾಮು ಅಂದೆ. ನೀನು ವಿರೋಧಿಸಿದ್ದು ಯಾವುದನ್ನ?"

"ಎರಡೂ ಒಂದೇ ಅಲ್ವಾ ಸಾರ್?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಆಗಿದ್ರೆ ಒಂದನ್ನ ಎಸೆದು ತೋರ್ಸು ಮಾರಾಯ. ಇಷ್ಟು ಕಾಲ ಜನ ಎರಡನ್ನೂ ಯಾಕೆ ಹೊತ್ಕೊಂಡು ತಿರುಗ್ತಿದ್ದಾರೆ?"

ಆಮೇಲೆ ನಾನು ಕೇಳದಿದ್ದರೂ ಪಾಠ ನಡೆಯಿತು. ಕುದುರೆಯ ಬಾಯೊಳಗೆ ಕೂರುವ ಕಬ್ಬಿಣ ಕಡಿವಾಣ. ಅದರ ಎರಡು ತುದಿಗಳಿಂದ ಹೊರಟು ಸವಾರನ ಕೈಗೆ ಬರುವ ತೊಗಲಿನ ಪಟ್ಟಿ ವಾಘೆ. ತಲೆಗೆ ತೊಡಿಸಿದ ಪಟ್ಟಿಗಳು, ಕಬ್ಬಿಣ, ವಾಘೆ ಇವೆಲ್ಲವೂ ಸೇರಿ ಒಬ್ಬನ ಹಿಡಿತಕ್ಕೆ ಬಂದಾಗ ಲಗಾಮು. "ಕಡಿವಾಣ ಹಾಕ್ತಾರೆ. ಲಗಾಮು ಹಿಡೀತಾರೆ, ಎಳೀತಾರೆ, ಬಿಡ್ತಾರೆ. ಹಾಕಿದ್ದನ್ನ ಬಾಯಿ ಸಹಿಸ್ಕೋಬೇಕು, ಹಿಡಿದಿದ್ದನ್ನ ಕೈ ಸಡಿಲ ಮಾಡ್ಬಹುದು. ಈಗ ಹೇಳು, ಯಾವುದು ಬೇಡ ಅಂದೆ?"

ನಾನು ಮಾತನಾಡಿದ್ದು ಸ್ವಾತಂತ್ರ್ಯದ ಬಗ್ಗೆ. ಅವರ ಕಿವಿಗೆ ಬಿದ್ದದ್ದು ಕಬ್ಬಿಣ ಮತ್ತು ಚರ್ಮ. ಗೆದ್ದು ಬಂದ ಹುಡುಗನಿಗೆ ಒಂದು ಶಹಬ್ಬಾಸ್ ಹೇಳಿದರೆ ನಾಲಿಗೆ ಸವೆಯುತ್ತದೆಯೇ ಎಂದು ಅಂದುಕೊಂಡು ಹೊರಗೆ ಬಂದೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ. ಆದರೆ ಅಂದಿನಿಂದ ಇಂದಿನವರೆಗೆ ಯಾವುದೇ ಮನವಿಯಲ್ಲಿ, ಕರಪತ್ರದಲ್ಲಿ ಕಡಿವಾಣ ಎಂಬ ಪದ ಬರೆಯಬೇಕಾದಾಗ ನನ್ನ ಪೆನ್ನು ಒಂದು ಕ್ಷಣ ತಡೆಯುತ್ತದೆ. ಇದನ್ನು ಪ್ರಭಾವ ಎನ್ನುವವರು ಎನ್ನಲಿ. ನಾನು ಇದನ್ನು ಅವರಿಂದ ಹತ್ತಿದ ರೋಗ ಎನ್ನುತ್ತೇನೆ.

ಅವರು ಕುಳ್ಳಗಿದ್ದರು. ಸೊಂಟದ ಬೆಲ್ಟು ಉದ್ದವಾಗಿದ್ದು, ಅದರ ತುದಿ ಪಕ್ಕಕ್ಕೆ ನಾಲಿಗೆಯಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ಪದವೊಂದನ್ನು ಯೋಚಿಸುವಾಗ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಮೆಲ್ಲಗೆ ಉಜ್ಜುತ್ತಿದ್ದರು, ತೊಗಲು ಕೊಳ್ಳಲು ಬಂದವನು ಅದರ ದಪ್ಪ ನೋಡುವಂತೆ. ಪ್ರೀತಿ, ಕರುಣೆ, ನ್ಯಾಯ ಎಂಬ ಪದಗಳಿಗೆ ಅವರ ಬೆರಳು ಹಾಗೆ ಆಡಿದ್ದನ್ನು ನಾನು ಕಾಣೆ. ತೊಗಲಿನ ಹಗ್ಗಕ್ಕೆ ಹೇಳುವ ಮಿಣಿ ಎಂಬ ಪದಕ್ಕೆ ಆಡುತ್ತಿತ್ತು. ಮಿಣಿ ಹೆಣೆದದ್ದು, ಬಾರು ಸೀಳಿದ್ದು, ಪಟ್ಟಿ ಕತ್ತರಿಸಿ ಹೊಲಿದದ್ದು ಎಂದು ಅವರು ವಿವರಿಸುವಾಗ ಎದುರಿಗೆ ಕೂತವನ ಬಸ್ಸು ತಪ್ಪಿಹೋಗುತ್ತಿದ್ದರೂ ಆ ಬೆರಳುಗಳು ನಿಲ್ಲುತ್ತಿರಲಿಲ್ಲ.

ನಿವೃತ್ತರಾದ ಮೇಲೆ ರವೀಂದ್ರನಗರದ ಅವರ ಮನೆಯ ಮುಂದಿನ ಕೋಣೆ ಲಾಯವಾಯಿತು. ಕುದುರೆಯೊಂದು ಇರಲಿಲ್ಲ, ಅಷ್ಟೇ. ಜಟಕಾಗಳು ಊರಿನಿಂದ ಮರೆಯಾದಾಗ ಅವುಗಳ ಯಜಮಾನರು ಅಟ್ಟಕ್ಕೆ ಎಸೆದಿದ್ದ ಸಾಮಾನುಗಳನ್ನೆಲ್ಲ ಅವರು ಹುಡುಕಿ ತಂದಿದ್ದರು. ಗೋಡೆಯ ಮೊಳೆಗಳಲ್ಲಿ ಕಡಿವಾಣಗಳು, ಕಿಟಕಿಯ ಸರಳಿಗೆ ವಾಘೆಗಳು. ಅತಿಥಿಗಳಿಗೆಂದು ಇದ್ದ ಮರದ ಬೆಂಚಿನ ಮೇಲೆ ಒಂದು ಜೀನು. ಅದರ ಪಟ್ಟಿಯನ್ನು ಬೆಂಚಿನ ಹೊಟ್ಟೆಯ ಕೆಳಗಿಂದ ಸುತ್ತಿ ಬಿಗಿದಿದ್ದರು. ಕಾಲಿಡುವ ಎರಡು ಬಳೆಗಳು ಎರಡೂ ಪಕ್ಕದಲ್ಲಿ ತೂಗಾಡುತ್ತಿದ್ದವು. ಆ ಬಳೆಗೆ ಹಳೆಯ ಕನ್ನಡದಲ್ಲಿ ಅಂಕವಣಿ, ಬಜಾರಿನಲ್ಲಿ ರಿಕಾಪು. ಜೀನಿಗೆ ಕಾವ್ಯಗಳಲ್ಲಿ ಹಲ್ಲಣ. ಒಂದು ವಸ್ತುವಿಗೆ ಎರಡು ಹೆಸರು ಎಂದು ನಾವು ಅಂದುಕೊಂಡರೆ ಅವರಿಗೆ ಸಿಟ್ಟು. ಹಲ್ಲಣ ಬಿಗಿದ ಕುದುರೆ ಯುದ್ಧಕ್ಕೆ ಹೊರಟಿರುತ್ತದೆ, ಜೀನು ಬಿಗಿದ ಕುದುರೆ ಬಾಡಿಗೆಗೆ ಹೊರಟಿರುತ್ತದೆ ಎಂಬುದು ಅವರ ಸಿದ್ಧಾಂತ. ಮಂಗಳಾಳ ಒಂದು ಇಡೀ ಬೇಸಿಗೆ ರಜೆ ಈ ಒಂದು ವಾಕ್ಯಕ್ಕೆ ಆಧಾರ ಹುಡುಕುವುದರಲ್ಲಿ ಮುಗಿಯಿತು.

ಅವರ ಪತ್ನಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಆ ಮನೆಯಲ್ಲಿ ಸ್ವಸ್ಥವಾಗಿ ಮಾತನಾಡುತ್ತಿದ್ದವರು ಅವರೊಬ್ಬರೇ. ನಾನು ಹೋದಾಗ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದರೆ, "ಹತ್ತಿ ಕೂತ್ಕೊಳಪ್ಪ, ಬೆಂಚಿಗೆ ಜೀನು ಹಾಕಿ ಇಟ್ಟಿದ್ದಾರೆ. ಎಲ್ಲಿಗಾದ್ರೂ ಹೋಗೋದಿದ್ರೆ ಹಾಗೇ ಹೋಗ್ಬಹುದು" ಎನ್ನುತ್ತಿದ್ದರು.

ಒಮ್ಮೆ ಮೇಷ್ಟ್ರ ಚರ್ಮದ ಚೀಲದ ಹೆಗಲಪಟ್ಟಿ ಕಿತ್ತುಹೋಯಿತು. ನಾನು ಜೊತೆಯಲ್ಲಿದ್ದೆ. ರಸ್ತೆಬದಿಯಲ್ಲಿ ಚಪ್ಪಲಿ, ಚೀಲ ಹೊಲಿಯುವವನ ಮುಂದೆ ನಿಂತು ಅವರು ಕೇಳಿದರು: "ಬಾರು ಹಾಕ್ತೀಯೋ, ಪಟ್ಟಿ ಹಾಕ್ತೀಯೋ?"

"ಬೆಲ್ಟ್ ಹಾಕ್ತೀನಿ ಸಾರ್."

"ಬೆಲ್ಟ್ ಅಂದ್ರೆ?"

"ಬೆಲ್ಟ್ ಅಂದ್ರೆ ಬೆಲ್ಟೇ ಸಾರ್. ಬೇಕಾ ಬೇಡ್ವಾ?"

ಬೇಡವೆಂದು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟರು. ಆ ಮಳೆಗಾಲವೆಲ್ಲ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕಂಕುಳಲ್ಲಿ ಚೀಲ. ಬಸ್ಸು ಹತ್ತುವಾಗ ಕಂಬಿ ಹಿಡಿಯಲು ಕೈಯಿಲ್ಲದೆ ಹಿಂದಿನವರು ನೂಕಿ ಹತ್ತಿಸಬೇಕಾಗುತ್ತಿತ್ತು. ಒಂದು ಪದಕ್ಕಾಗಿ ಇಷ್ಟು ಪಾಡುಪಡುವವರನ್ನು ಜನ ತಪಸ್ವಿ ಎನ್ನುತ್ತಾರೆ. ಹಿಂದಿನಿಂದ ನೂಕಬೇಕಾದವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಅವರಿಗೂ ಕುದುರೆಗೂ ಇದ್ದ ಸಂಬಂಧ ಎಂಥದ್ದೆಂದು ಹೇಳಲೇಬೇಕು. ಭದ್ರಾವತಿಯ ಹಳೇನಗರದಲ್ಲಿ ಮದುವೆ ಮೆರವಣಿಗೆಗಳಿಗೆ ಕುದುರೆ ಕೊಡುವ ಸಾಬರೊಬ್ಬರು ಇದ್ದಾರೆಂದು ತಿಳಿದು ಮಂಗಳಾ ಅಲ್ಲಿಗೆ ಹೊರಟಳು. ಮೇಷ್ಟ್ರು ತಾವೂ ಬರುತ್ತೇನೆಂದರು. ಅವಳ ಜೊತೆಗೆ ನಾನೂ ಹೋದೆ. ಮನೆಯ ಮುಂದೆ ಬಿಳಿಯ ಕುದುರೆಯೊಂದು ಶಾಂತವಾಗಿ ಹುಲ್ಲು ಮೇಯುತ್ತಿತ್ತು. ಅದನ್ನು ಕಂಡೊಡನೆ ಮೇಷ್ಟ್ರು ರಸ್ತೆ ದಾಟಿ ಎದುರಿನ ಚಹಾದಂಗಡಿಯ ಗೋಡೆಗೆ ಬೆನ್ನು ಹಚ್ಚಿ ನಿಂತರು.

"ಬನ್ನಿ ಸಾಬ್, ಏನೂ ಮಾಡಲ್ಲ ಅದು" ಎಂದು ಯಜಮಾನರು ಕರೆದರು. "ಬ್ಯಾಂಡ್ ಸೆಟ್ಟಿಗೇ ಹೆದರಲ್ಲ, ನಿಮಗೆ ಹೆದರ್ತದಾ?"

"ಪ್ರಶ್ನೆ ಅದು ಹೆದರೋದಲ್ಲಪ್ಪ" ಎಂದರು ಮೇಷ್ಟ್ರು, ನಿಂತಲ್ಲಿಂದಲೇ.

ಸಂದರ್ಶನ ರಸ್ತೆಯ ಆಚೆಯಿಂದ ಈಚೆಗೆ ನಡೆಯಿತು. ನಡುವೆ ಲಾರಿ ಬಂದರೆ ಇಬ್ಬರೂ ಕಾಯುತ್ತಿದ್ದರು.

"ಬಾಯಲ್ಲಿರೋ ಕಬ್ಬಿಣಕ್ಕೆ ಏನಂತೀರಿ?"

"ಲಗಾಮ್."

"ಕೈಯಲ್ಲಿ ಹಿಡ್ಕೊಳೋ ಪಟ್ಟಿಗೆ?"

"ಅದೂ ಲಗಾಮೇ."

"ಕಡಿವಾಣ ಅನ್ನಲ್ವಾ?"

"ಅನ್ನೋಣ ಸಾಬ್. ನೀವು ಹೇಳಿದ್ರೆ ಅದನ್ನೂ ಅನ್ನೋಣ. ಏನಾದ್ರೂ ಅನ್ನಿ, ಎಳೆದಾಗ ಕುದುರೆ ನಿಲ್ಬೇಕು."

ಮಂಗಳಾ ಕುದುರೆಯ ಕುತ್ತಿಗೆ ಸವರುತ್ತ ಎಲ್ಲವನ್ನೂ ಬರೆದುಕೊಂಡಳು. ಅವರು ಜೀವಮಾನವೆಲ್ಲ ಕಟ್ಟಿದ್ದನ್ನು ಕುದುರೆಯ ಯಜಮಾನ ಒಂದೇ ಮಾತಿನಲ್ಲಿ ಕೆಡವಿದನೆಂದು ನನಗೆ ಒಳಗೊಳಗೇ ಖುಷಿ. ಮೇಷ್ಟ್ರನ್ನು ಮನೆ ಮುಟ್ಟಿಸಲು ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಅವರು ಅವಳ ಬರವಣಿಗೆ ಓದಿಸಿ ಕೇಳಿ, "ಇದನ್ನ ಬಿಡು. ಇದು ಅವನ ಅಭಿಪ್ರಾಯ, ಪ್ರಯೋಗ ಅಲ್ಲ" ಎಂದರು.

"ಕೊನೇದು ಅಭಿಪ್ರಾಯ ಸಾರ್. ಮೊದಲ್ನೇ ಎರಡು ಉತ್ತರ ಪ್ರಯೋಗವೇ. ಇಟ್ಕೋತೀನಿ" ಎಂದಳು ಮಂಗಳಾ.

ಅವರು ಮುಖ ಗಂಟಿಕ್ಕಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತರು. ಬಸ್ಸು ಊರೊಳಗೆ ಬಂದ ಮೇಲೆ, "ಇಟ್ಕೋ. ಆದ್ರೆ ಅವನು ಯಾಕೆ ಹಾಗಂತಾನೆ ಅಂತ ಬರಿ" ಎಂದರು. ಆ 'ಯಾಕೆ'ಗೆ ಇನ್ನೊಂದು ಅಧ್ಯಾಯ ಬೇಕಾಯಿತು. ಅವಳ ವಯಸ್ಸು ಬಸ್ಸಿನಲ್ಲಿ ಕೂತಿರಲಿಲ್ಲ, ಮುಂದೆ ಓಡುತ್ತಿತ್ತು.

ಪ್ರಬಂಧ ಸಿದ್ಧವಾದ ಮೇಲೆ ಶುರುವಾದದ್ದು ಇನ್ನೊಂದು ಆಟ. ಅದರಲ್ಲಿ 'ಸಮಾನಾರ್ಥಕ' ಎಂಬ ಮಾತು ಎಲ್ಲಿದ್ದರೂ ಅವರು ಪೆನ್ಸಿಲಿನಿಂದ ಸುತ್ತು ಹಾಕಿ ಹಿಂದಕ್ಕೆ ಕೊಡುತ್ತಿದ್ದರು. ಅದನ್ನು ತೆಗೆದು 'ಸಮೀಪಾರ್ಥಕ' ಎಂದು ಬರೆದುಕೊಂಡು ಹೋದಳು. ಅದಕ್ಕೂ ಸುತ್ತು. 'ಹತ್ತಿರದ ಅರ್ಥ' ಎಂದು ಬರೆದಳು. ಪಕ್ಕದಲ್ಲಿ ಒಂದೇ ಪದದ ಪ್ರಶ್ನೆ: 'ಎಷ್ಟು?' ಜಗತ್ತಿನ ಬೇರೆ ಮಾರ್ಗದರ್ಶಕರು ಓದದೆ ತಡಮಾಡುತ್ತಾರೆ. ಇವರು ಓದಿ ತಡಮಾಡುತ್ತಿದ್ದರು. ಕಾಯುವವಳಿಗೆ ಎರಡರಿಂದಲೂ ಆಗುವುದು ಅದೇ.

ನಾನು ಒಂದು ಭಾನುವಾರ ಅವಳಿಗೆ ಹೇಳದೆ ಅವರ ಮನೆಗೆ ಹೋದೆ.

"ಬಾ ಪ್ರತಿವಾದಿ" ಎಂದರು. ಕಾಲೇಜಿನ ದಿನಗಳಿಂದಲೂ ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

"ಸಾರ್, ಮೂರು ಅಂಶ ಹೇಳ್ತೀನಿ."

"ನಾಲ್ಕನೇದಿದ್ರೂ ಹೇಳು. ಮಜ್ಜಿಗೆ ಬರೋವರೆಗೂ ಟೈಮಿದೆ."

ಮಾರ್ಗದರ್ಶನವೆಂಬುದು ಸೇವೆಯೇ ಹೊರತು ಒಡೆತನವಲ್ಲ ಎಂದೆ. ಸಂಶೋಧನೆಯ ಪರಿಪೂರ್ಣತೆಗೆ ಕೊನೆಯಿಲ್ಲ, ಆದರೆ ಸಂಶೋಧಕಿಯ ವಯಸ್ಸಿಗೆ ಕಾನೂನಿನ ಮಿತಿಯಿದೆ ಎಂದೆ. ವಿದ್ಯೆ ಜೀವನಕ್ಕೆ ನೆರವಾಗದಿದ್ದರೆ ಅದು ಅಲಂಕಾರ ಮಾತ್ರ ಎಂದೆ. ಅವರು ಪೂರ್ತಿ ಕೇಳಿದರು. ಆ ಒಂದು ಸೌಜನ್ಯವನ್ನು ನಾನು ಅಲ್ಲಗಳೆಯುವುದಿಲ್ಲ.

"ಅವಳಿಗೆ ಕೆಲ್ಸ ಬೇಕು, ಸರಿ" ಎಂದರು. "ಕೆಲ್ಸ ಸಿಕ್ಕಿದ ಮೇಲೆ ಕ್ಲಾಸಲ್ಲಿ ನಿಂತು ಹುಡುಗ್ರಿಗೆ ಎಲ್ಲಾ ಒಂದೇ ಅಂತ ಹೇಳ್ತಾಳಾ?"

"ಹೇಳಿದ್ರೆ ಯಾರ ಪ್ರಾಣ ಹೋಗತ್ತೆ ಸಾರ್?"

"ಯಾರದ್ದೂ ಹೋಗಲ್ಲ. ಅದಕ್ಕೇ ಎಲ್ರೂ ಹೇಳ್ತಾರೆ."

ಚರ್ಚಾಸ್ಪರ್ಧೆಯಾಗಿದ್ದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ಚಪ್ಪಾಳೆ ಬೀಳುವ ಮಾತುಗಳನ್ನು ನಾನೂ ಬಲ್ಲೆ. ಅವುಗಳಿಂದ ಯಾರಿಗೂ ನೌಕರಿ ಸಿಗುವುದಿಲ್ಲ. ಸಿಟ್ಟಿನಿಂದ, "ನೀವು ಬರೀಬೇಕಾಗಿದ್ದ ಪುಸ್ತಕಾನ ಅವಳ ಕೈಲಿ ಬರೆಸ್ತಿದ್ದೀರಿ" ಎಂದುಬಿಟ್ಟೆ. ಅಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಉಜ್ಜುತ್ತಿದ್ದ ಮೇಷ್ಟ್ರ ಬೆರಳುಗಳು ಸುಮ್ಮನಾದವು.

"ಹೌದು. ನಾನು ಬರೆದಿದ್ರೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

"ಅದನ್ನ ಆ ಹುಡುಗಿ ಹತ್ರ ಹೇಳ್ರಿ" ಎಂದರು ಅಮ್ಮ. "ಇವನ ಹತ್ರ ಹೇಳಿ ಏನುಪಯೋಗ?"

"ಹೇಳಿದ್ರೆ ತಿದ್ದೋದು ನಿಲ್ಲಿಸ್ಬಿಡ್ತಾಳೆ."

ಅದು ನನ್ನ ತಂಗಿಯ ಬಗ್ಗೆ ಅವರು ಆಡಿದ ಒಂದೇ ಒಂದು ಮೆಚ್ಚುಗೆಯ ಮಾತು. ಅವಳಿಗೆ ಅದನ್ನು ಅವರು ಹೇಳಲಿಲ್ಲ. ಅರ್ಜಿಯ ಜೊತೆ ಲಗತ್ತಿಸಲೂ ಬರುವುದಿಲ್ಲ.

ಆಮೇಲೆ ನಾನು ಚಳವಳಿಯ ದಾರಿ ಹಿಡಿದೆ. ಸಲ್ಲಿಸಿದ ಪ್ರಬಂಧಕ್ಕೆ ಮಾರ್ಗದರ್ಶಕರು ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಕೊಡಲೇಬೇಕೆಂಬ ನಿಯಮಕ್ಕಾಗಿ ಒಂದು ಮನವಿ ಸಿದ್ಧಪಡಿಸಿ ಸಂಶೋಧನ ವಿದ್ಯಾರ್ಥಿಗಳ ಸಹಿ ಕೇಳುತ್ತ ಅಲೆದೆ. ಹೆಚ್ಚಿನವರು ಓದಿ, "ಇದು ಆಗ್ಲೇಬೇಕು ಸಾರ್" ಎಂದು ಹೊಗಳಿ, ತಮ್ಮ ತಮ್ಮ ಮಾರ್ಗದರ್ಶಕರನ್ನು ನೆನೆದು ಪೆನ್ನು ಮುಚ್ಚಿಟ್ಟರು. ಸುದ್ದಿ ಮೇಷ್ಟ್ರಿಗೆ ಮುಟ್ಟಿತು. ಅವರೇ ನನ್ನನ್ನು ಕರೆಸಿ ಮನವಿಯನ್ನು ಕೇಳಿ ಪಡೆದು, ಬೆಂಚಿನ ಪಕ್ಕ ನಿಂತುಕೊಂಡೇ ಓದಿದರು.

"ಇಲ್ಲಿ 'ನಿರ್ಲಕ್ಷ್ಯ' ಅಂತ ಬರ್ದಿದ್ದೀಯ. ತಪ್ಪು. ನಾನು ನಿರ್ಲಕ್ಷ್ಯ ಮಾಡಿಲ್ಲ, ವಿಳಂಬ ಮಾಡಿದ್ದೀನಿ. ಅದನ್ನ ಹಾಕು."

ಹಾಕಿದೆ. ಅವರು ಪೆನ್ನು ತೆಗೆದು ಕೆಳಗೆ ತಮ್ಮ ಸಹಿ ಹಾಕಿಕೊಟ್ಟರು. ನನ್ನ ತಂಗಿಯ ಪ್ರಬಂಧಕ್ಕೆ ಬೀಳದ ಸಹಿ ತಮ್ಮ ವಿರುದ್ಧದ ಮನವಿಗೇ ಬಿತ್ತು. ಇಂಥವರ ಜೊತೆ ಜಗಳವಾಡುವುದು ಹೇಗೆಂದು ಯಾವ ಚರ್ಚಾಕೂಟದಲ್ಲೂ ನನಗೆ ಕಲಿಸಿರಲಿಲ್ಲ.

ಅದಾದ ಕೆಲವೇ ವಾರಗಳಲ್ಲಿ ಅವರು ಪಾರ್ಶ್ವವಾಯು ಬಡಿದು ಮಲಗಿದರು, ಮತ್ತೆ ಏಳಲಿಲ್ಲ.

ವಿಶ್ವವಿದ್ಯಾಲಯದವರು ಮಂಗಳಾಳಿಗೆ ಹೊಸ ಮಾರ್ಗದರ್ಶಕರನ್ನು ಗೊತ್ತುಮಾಡಿದರು. ಅವರು ಪ್ರಬಂಧವನ್ನು ಎರಡು ಕೈಗಳಲ್ಲಿ ಎತ್ತಿ, ತೂಕ ನೋಡಿ, "ಸಾಕಷ್ಟಿದೆ ಕಣಮ್ಮ" ಎಂದು ಅಂದೇ ಸಹಿ ಹಾಕಿದರು. ಅಕ್ಷರ ಅಕ್ಷರ ಓದಿದವರು ಸಹಿ ಹಾಕಲಿಲ್ಲ, ಸಹಿ ಹಾಕಿದವರು ಒಂದಕ್ಷರ ಓದಲಿಲ್ಲ. ನಮ್ಮ ಉನ್ನತ ಶಿಕ್ಷಣದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಇರುವ ಆಯ್ಕೆ ಇಷ್ಟೇ. ಇದನ್ನು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿದರೂ ಜನ ನಗುತ್ತಾರೆ, ಆಮೇಲೆ ಕಾಫಿಗೆ ಏಳುತ್ತಾರೆ.

ಮೌಲ್ಯಮಾಪಕರ ವರದಿಗಳು ಬಂದವು. ಎಲ್ಲವೂ ಅನುಕೂಲವಾಗಿದ್ದವು. ಅಷ್ಟರಲ್ಲೇ ಕಾಯಂ ಹುದ್ದೆಗಳಿಗೆ ಅರ್ಜಿ ಕರೆದರು. ಮೌಖಿಕ ಪರೀಕ್ಷೆ ಮುಗಿದು ಪದವಿಯ ತಾತ್ಕಾಲಿಕ ಪ್ರಮಾಣಪತ್ರ ಸಿಕ್ಕರೆ ಅವಳು ಅರ್ಜಿ ಹಾಕಬಹುದಿತ್ತು. ಮುಂದಿನ ಸಲ ಕರೆಯುವ ಹೊತ್ತಿಗೆ ಅವಳ ವಯಸ್ಸು ಮಿತಿ ದಾಟಿರುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅರ್ಜಿಯ ಕೊನೆಯ ದಿನ ಇದ್ದ ವಾರದಲ್ಲೇ ಮೌಖಿಕ ಪರೀಕ್ಷೆ ಗೊತ್ತಾಯಿತು.

ಆ ಪರೀಕ್ಷೆ ಸಾರ್ವಜನಿಕವಾದದ್ದು. ಯಾರು ಬೇಕಾದರೂ ಬಂದು ಕೂರಬಹುದು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ತಮ್ಮ ವರದಿಯಲ್ಲಿ ಪ್ರಬಂಧವನ್ನು ಶ್ಲಾಘನೀಯ ಎಂದು ಬರೆದಿದ್ದವರು. ಈಗ ಅದನ್ನು ಮೊದಲ ಬಾರಿಗೆ ಬಿಡಿಸಿ ನೋಡುತ್ತಿದ್ದರು.

"ಏನಮ್ಮಾ ಇದು, ಲಗಾಮು, ಕಡಿವಾಣ, ವಾಘೆ ಎಲ್ಲಾ ಒಂದೇ ಅಲ್ವಾ? ಇದಕ್ಕೆ ಇಷ್ಟು ಪುಟ ಯಾಕೆ? ಈ ಎರಡು ಅಧ್ಯಾಯ ತೆಗೆದು ಸಮಾನಾರ್ಥಕ ಪದಗಳು ಅಂತ ಒಂದು ಪಟ್ಟಿ ಹಾಕ್ಬಿಡಿ. ತಿದ್ದುಪಡಿಗೆ ಒಪ್ಕೊಂಡ್ರೆ ಇವತ್ತೇ ಶಿಫಾರಸು ಮಾಡಿ ಹೋಗ್ತೀನಿ. ಸಾಯಂಕಾಲ ನಂಗೆ ಟ್ರೈನಿದೆ."

ಹೊಸ ಮಾರ್ಗದರ್ಶಕರು ಅವಳತ್ತ ತಿರುಗಿ ಒಪ್ಪಿಕೋ ಎಂದು ತಲೆಯಾಡಿಸಿದರು. ಹಿಂದಿನ ಸಾಲಿನಿಂದ ನಾನೂ ಆಡಿಸಿದೆ. ಆಗಲಿ ಸಾರ್ ಎಂಬ ಎರಡು ಪದಗಳಷ್ಟೇ ಬೇಕಾಗಿದ್ದವು.

"ಒಂದೇ ಅಲ್ಲ ಸಾರ್" ಎಂದಳು ಮಂಗಳಾ.

"ಹೇಗೆ?"

"ಕುದುರೆ ಸಾಕೋರು ಎಲ್ಲದಕ್ಕೂ ಲಗಾಮ್ ಅಂತಾರೆ, ಅದು ಪ್ರಬಂಧದಲ್ಲಿದೆ. ಅವರ ಕೈಗೆ ಮೂರೂ ಒಟ್ಟಿಗೇ ಬರತ್ತೆ, ಒಂದು ಹೆಸರು ಸಾಕು. ಆದ್ರೆ ನಾವು ಕುದುರೆ ಇಲ್ಲದ ಕಡೆನೂ ಈ ಮಾತಾಡ್ತೀವಲ್ಲ ಸಾರ್. ಬೆಲೆ ಏರಿದ್ರೆ ಕಡಿವಾಣ ಹಾಕಿ ಅಂತ ಸರ್ಕಾರಾನ ಕೇಳ್ತೀವಿ. ವಾಘೆ ಹಾಕಿ ಅಂತ ಯಾರೂ ಕೇಳಲ್ಲ. ಮನೇಲಿ ಮಕ್ಕಳಿಗೆ ನಾಲಿಗೆ ಮೇಲೆ ಲಗಾಮಿರ್ಲಿ ಅಂತಾರೆ, ಕಡಿವಾಣ ಇರ್ಲಿ ಅನ್ನಲ್ಲ. ತನ್ನ ಲಗಾಮನ್ನ ತಾನೇ ಹಿಡ್ಕೋಬಹುದು. ಕಡಿವಾಣ ಇನ್ನೊಬ್ರು ಹಾಕೋದು. ಪಟ್ಟಿಲಿ ಹಾಕಿ ಸಮ ಅಂದ್ರೆ ಈ ವ್ಯತ್ಯಾಸ ಮಾಡೋ ಜನರ ಬುದ್ಧಿನ ಎಲ್ಲಿಡೋಣ?"

ಸಭಾಂಗಣದಲ್ಲಿ ಯಾರೋ ಕುರ್ಚಿ ಸರಿಸಿದರು. ಪರೀಕ್ಷಕರು ಕೈಗಡಿಯಾರ ನೋಡಿಕೊಂಡರು. "ಇರ್ಬಹುದಮ್ಮ. ಆದ್ರೆ ನಾನು ಹೇಳಿದ ತಿದ್ದುಪಡಿ ಮಾಡಿದ್ರೆ ನಿಮಗೇ ಅನುಕೂಲ. ಅರ್ಜಿ ಗಿರ್ಜಿ ಹಾಕೋದಿಲ್ವಾ?"

"ಇದೆ ಸಾರ್. ಈ ವಾರವೇ."

"ಮತ್ತೆ?"

"ಒಂದೇ ಅಂತ ಬರೆದ್ರೆ ನೀವು ಇವತ್ತೇ ಸಹಿ ಮಾಡ್ತೀರಿ. ಬೇರೆ ಅಂತ ಇದ್ರೆ ಓದ್ಬೇಕಾಗತ್ತೆ. ಓದಿ ಸಾರ್."

ಅವಳು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಅಂಥ ಮಾತನ್ನು ನಾನು ಹೇಳಿದ್ದರೆ ಮುಷ್ಟಿ ಎತ್ತಿ ಹೇಳುತ್ತಿದ್ದೆ. ಅವಳು ಚಹಾ ತಗೊಳ್ಳಿ ಎನ್ನುವಂತೆ ಹೇಳಿದಳು. ಪರೀಕ್ಷಕರು ಪ್ರಬಂಧವನ್ನು ಮುಚ್ಚಿ, "ಹಾಗಾದ್ರೆ ನಾನು ತಗೊಂಡುಹೋಗಿ ನೋಡ್ಬೇಕಾಗತ್ತೆ" ಎಂದು ಚೀಲದೊಳಗೆ ಇಟ್ಟುಕೊಂಡು ರೈಲಿಗೆ ಹೋದರು. ಅವರು ಅದನ್ನು ಓದಿದರು ಎಂಬುದನ್ನು ಇಲ್ಲಿ ದಾಖಲಿಸಬೇಕು. ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲವೆಂದು ಶಿಫಾರಸು ಬಂತು, ಪದವಿ ಬಂತು. ಅದು ಬಂದಾಗ ಅರ್ಜಿಯ ಕೊನೆಯ ದಿನ ಎಂದೋ ಕಳೆದಿತ್ತು.

ಮೌಖಿಕ ಪರೀಕ್ಷೆ ನಡೆದ ಆ ಸಂಜೆ ಭದ್ರಾವತಿಯ ಬಸ್ಸಿನಲ್ಲಿ ನಾನು ನನ್ನ ಆಯುಷ್ಯದ ಅತ್ಯುತ್ತಮ ಭಾಷಣ ಮಾಡಿದೆ. ಕೇಳುಗರು ಅವಳೂ, ಟಿಕೆಟು ಹರಿಯುತ್ತಿದ್ದ ಕಂಡಕ್ಟರೂ. ಆ ಮನುಷ್ಯ ಬದುಕಿರುವಾಗ ಸಹಿ ಹಾಕದೆ ಕೆಡಿಸಿದ, ಸತ್ತ ಮೇಲೂ ನಿನ್ನ ಬಾಯಲ್ಲಿ ಕೂತು ಕೆಡಿಸಿದ, ಕೈಗೆ ಬಂದ ನೌಕರಿಯನ್ನು ಕಸಿದುಕೊಂಡ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಣ್ಣ, ಅವರು ಕಸ್ಕೊಳ್ಳಲಿಲ್ಲ" ಎಂದಳು. "ಅವರು ಅಲ್ಲಿರಲೇ ಇಲ್ಲ. ನಾನೇ ಬಿಟ್ಟೆ. ನಾನು ಬಿಟ್ಟಿದ್ದನ್ನ ಅವರ ಲೆಕ್ಕಕ್ಕೆ ಬರೀಬೇಡ."

"ಬಿಟ್ಟು ಏನು ಸಿಕ್ತು?"

"ಓದ್ತಾರಲ್ಲ."

ನನ್ನಲ್ಲಿ ಮರುವಾದವಿತ್ತು. ಈಗಲೂ ಇದೆ. ಓದಿದ ಆ ಒಬ್ಬರಿಂದ ಅವಳ ಮುಂದಿನ ಬದುಕು ನಡೆಯುವುದಿಲ್ಲ. ಅವಳು ಇವತ್ತಿಗೂ ಪ್ರತಿ ವರ್ಷ ಅತಿಥಿಯಾಗಿ ಕರೆ ಬರುವುದನ್ನು ಕಾಯುತ್ತಾಳೆ. ಒಬ್ಬ ಮೇಷ್ಟ್ರು ಒಬ್ಬಳು ಹುಡುಗಿಗೆ ಇಷ್ಟು ದುಬಾರಿಯಾದ ಸ್ವಭಾವವನ್ನು ಕಲಿಸುವುದು ಅನ್ಯಾಯವೆಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಸಾಧಿಸಿ ತೋರಿಸಬಲ್ಲೆ. ಮನೆಯಲ್ಲಿ ಮಾತ್ರ ಆಗುವುದಿಲ್ಲ. ನಾನು ಅವರನ್ನು ಬಯ್ಯಲು ಬಾಯಿ ತೆರೆದೊಡನೆ ಅವಳು ಎದ್ದು ಒಳಗೆ ಹೋಗುತ್ತಾಳೆ. ಇದನ್ನು ಅಚ್ಚಿಗೆ ಕೊಡುತ್ತೇನೆಂದಾಗ ಅವಳು ಹಾಕಿದ ಷರತ್ತು ಒಂದೇ: ಬೇಕಾದ್ದು ಬರೆದುಕೋ, ಅವರ ಹೆಸರು ಬರೆಯಬೇಡ. ಬರೆದಿಲ್ಲ.